‘ಬೇಡರ ಕಣ್ಣಪ್ಪ’ಕ್ಕೂ ಮೊದಲು: ಮುತ್ತುರಾಜ ಅವರ ಹೆಸರಿಲ್ಲದ ಪಾತ್ರಗಳನ್ನು ಪತ್ತೆ ಮಾಡುವುದು ಹೇಗೆ?

ಹಳೆಯಪರದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಡಾ. ರಾಜ್‌ಕುಮಾರ್ (ಮೂಲ ಹೆಸರು ಮುತ್ತುರಾಜ) ಅವರ ಚಿತ್ರಜೀವನ 1954ರ ‘ಬೇಡರ ಕಣ್ಣಪ್ಪ’ದಿಂದ ಆರಂಭವಾಯಿತು ಎಂದು ನಾವೆಲ್ಲರೂ ಹೇಳುತ್ತೇವೆ, ನಾಯಕನಟರಾಗಿ ಅದು ನಿಜವೂ ಹೌದು. ಆದರೆ ಅವರ ಚಿತ್ರಗಳ ಪಟ್ಟಿಗಳಲ್ಲಿ ಅದಕ್ಕೂ ಹಿಂದಿನ ಎರಡು ಹೆಸರುಗಳು ಸಾಮಾನ್ಯವಾಗಿ ಕಾಣಿಸುತ್ತವೆ. ಒಂದು, 1942ರ ‘ಭಕ್ತ ಪ್ರಹ್ಲಾದ’ದಲ್ಲಿ ಬಾಲಕನಾಗಿ ಮಾಡಿದ ಚಿಕ್ಕ ಪಾತ್ರ, ಇನ್ನೊಂದು, 1952ರ ‘ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರ ಪಾತ್ರ. ಇವೆರಡರ ನಡುವೆ ಹತ್ತು ವರ್ಷಗಳ ಅಂತರವಿದೆ. ಹದಿಮೂರರ ಹುಡುಗ ಇಪ್ಪತ್ತಮೂರರ ಯುವಕನಾಗುವ ಈ ಅವಧಿಯಲ್ಲಿ ಅವರು ವೃತ್ತಿನಾಟಕ ಕಂಪನಿಗಳಲ್ಲಿ ದುಡಿಯುತ್ತಿದ್ದರು, ಮತ್ತು ಇದೇ ಅವಧಿಯಲ್ಲಿ ಕಂಪನಿ ಕಲಾವಿದರು ಸಿನಿಮಾಕ್ಕೂ ಬಣ್ಣ ಹಚ್ಚುತ್ತಿದ್ದರು. ಹಾಗಿದ್ದ ಮೇಲೆ ಮುತ್ತುರಾಜ ಎಂಬ ಹುಡುಗ ಈ ಹತ್ತು ವರ್ಷಗಳಲ್ಲಿ ಬೇರೆ ಯಾವ ಚಿತ್ರದ ಗುಂಪಿನಲ್ಲಿಯೂ ನಿಂತಿರಲಿಲ್ಲವೇ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ.

ಇದನ್ನು ಈಗ ಕೇಳಲು ಒಂದು ಕಾರಣವಿದೆ. ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಳೆಯ ಪೌರಾಣಿಕ ಚಿತ್ರವೊಂದರ ತುಣುಕು ಹರಿದಾಡುತ್ತಿದೆ. ಯಜ್ಞಶಾಲೆಯ ದೃಶ್ಯ, ಹಿಂದಿನ ಸಾಲಿನಲ್ಲಿ ಜಟೆ, ಗಡ್ಡ ಧರಿಸಿದ ಋಷಿಗಳು ಕುಳಿತಿದ್ದಾರೆ, ಎಡದಿಂದ ಮೂರನೆಯವರ ಸುತ್ತ ಯಾರೋ ಕೆಂಪು ವೃತ್ತ ಎಳೆದು ‘ಅಣ್ಣಾವ್ರು ಮೊಟ್ಟಮೊದಲು ತೆರೆಯ ಮೇಲೆ’ ಎಂದು ಬರೆದಿದ್ದಾರೆ. ಚಿತ್ರದ ಹೆಸರಿಲ್ಲ, ಇಸವಿಯಿಲ್ಲ. ಮೂಗು ಮತ್ತು ಕಣ್ಣುಗಳನ್ನು ನೋಡಿದಾಗ ಹೌದೆನ್ನಿಸುತ್ತದೆ. ಎರಡನೆಯ ಸಲ ನೋಡಿದರೆ ಯಾರೋ ಒಬ್ಬ ಉದ್ದ ಮೂಗಿನ ಋಷಿ ಎನ್ನಿಸುತ್ತದೆ.

ಇಂತಹ ತುಣುಕನ್ನು ಪರೀಕ್ಷಿಸಲು ಕ್ರಮಬದ್ಧವಾದ ದಾರಿ ಏನಾದರೂ ಇದೆಯೇ? ಆ ಕಾಲದ ಯಾವ ದಾಖಲೆಗಳನ್ನು ನೋಡಬೇಕು? ಮುಖ ಗುರುತಿಸುವ ಈಗಿನ ತಂತ್ರಾಂಶಗಳಿಂದ ಪ್ರಯೋಜನವಾದೀತೇ? ತಿಳಿದವರು ದಯವಿಟ್ಟು ವಿವರಿಸಬೇಕು.

ತಾಳೆಗರಿ

ಮೊದಲು ಆ ತುಣುಕನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇಂತಹ ಹುಡುಕಾಟಗಳು ದಾರಿ ತಪ್ಪುವುದೇ ಮುಖದಿಂದ ಆರಂಭಿಸುವುದರಿಂದ. ನೋಡಬೇಕೆಂದುಕೊಂಡವರಿಗೆ ಕಂಬದಲ್ಲಿಯೂ ಪ್ರಿಯವಾದ ಮುಖ ಕಾಣುತ್ತದೆ. ಆ ವ್ಯಕ್ತಿ ಆ ವರ್ಷ ಯಾವ ಕಂಪನಿಯಲ್ಲಿದ್ದರು, ಕಂಪನಿಯ ಕ್ಯಾಂಪ್ ಯಾವ ಊರಿನಲ್ಲಿತ್ತು, ಚಿತ್ರದ ಚಿತ್ರೀಕರಣ ಎಲ್ಲಿ ನಡೆಯಿತು ಎಂಬ ಮೂರು ಸಂಗತಿಗಳು ಒಂದೇ ಕಡೆ ಕೂಡುವುದಾದರೆ ಮಾತ್ರ ಮುಖವನ್ನು ನೋಡುವುದಕ್ಕೆ ಅರ್ಥವಿದೆ. ಕೂಡದಿದ್ದರೆ ಎಷ್ಟೇ ಹೋಲಿಕೆಯಿದ್ದರೂ ಅದು ಹೋಲಿಕೆಯಷ್ಟೇ.

ನಮ್ಮ ಅದೃಷ್ಟವೆಂದರೆ ಹುಡುಕಬೇಕಾದ ಹೊಲ ಚಿಕ್ಕದು. 1934ರ ‘ಸತಿ ಸುಲೋಚನಾ’ದಿಂದ ಆರಂಭಿಸಿ 1953ರ ಕೊನೆಯವರೆಗೆ ಬಿಡುಗಡೆಯಾದ ಕನ್ನಡ ವಾಕ್ಚಿತ್ರಗಳೆಲ್ಲವನ್ನೂ ಕೂಡಿಸಿದರೂ ನೂರನ್ನು ಮುಟ್ಟುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಮದರಾಸು, ಕೊಯಮತ್ತೂರು, ಸೇಲಂ ಮುಂತಾದ ಕಡೆ ತಯಾರಾದವು. ‘ಸತಿ ಸುಲೋಚನಾ’ವಂತೂ ದೂರದ ಕೊಲ್ಲಾಪುರದಲ್ಲಿ ತಯಾರಾಯಿತು. ಕಂಪನಿಯ ಹುಡುಗನೊಬ್ಬ ಇಂತಹ ಊರಿಗೆ ಒಬ್ಬನೇ ಹೋಗಿ ಗುಂಪಿನಲ್ಲಿ ನಿಂತು ಬರುವುದು ಸುಲಭವಲ್ಲ. ಹೋದರೆ ಕಂಪನಿಯ ಜೊತೆ ಹೋಗಬೇಕು. ಹೀಗಾಗಿ ಪ್ರಶ್ನೆಯನ್ನು ‘ಮುತ್ತುರಾಜ ಯಾವ ಚಿತ್ರದಲ್ಲಿದ್ದ’ ಎಂದು ಕೇಳುವುದಕ್ಕಿಂತ ‘ಯಾವ ಚಿತ್ರಕ್ಕೆ ಅವನ ಕಂಪನಿಯ ಜನ ಹೋಗಿದ್ದರು’ ಎಂದು ಕೇಳುವುದು ಮೇಲು.

ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟರು; ಮಗ ತಂದೆಯ ಬೆನ್ನಿಗೇ ರಂಗಕ್ಕೆ ಬಂದವನು. ಕಂಪನಿಯ ಒಡೆಯರಾದ ಗುಬ್ಬಿ ವೀರಣ್ಣನವರು ಚಿತ್ರನಿರ್ಮಾಣದಲ್ಲಿಯೂ ಕೈಯಾಡಿಸಿದವರು. ‘ಜೀವನ ನಾಟಕ’, 1945ರ ‘ಹೇಮರೆಡ್ಡಿ ಮಲ್ಲಮ್ಮ’, 1953ರ ‘ಗುಣಸಾಗರಿ’ ಎಲ್ಲವೂ ಅವರ ನಂಟಿನ ಚಿತ್ರಗಳೇ. ಇವುಗಳಲ್ಲಿ ‘ಗುಣಸಾಗರಿ’ ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸುತ್ತದೆ: ‘ಬೇಡರ ಕಣ್ಣಪ್ಪ’ಕ್ಕೆ ಕೇವಲ ಒಂದು ವರ್ಷ ಹಿಂದಿನದು, ಅದೇ ಗುಬ್ಬಿ ಕಂಪನಿ ಮತ್ತು ಮದರಾಸಿನ ಚಿತ್ರಸಂಸ್ಥೆ ಎ.ವಿ.ಎಂ.ನ ಬಳಗ, ಅದೇ ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಆದರೆ ಆಸೆ ಹೆಚ್ಚಿದ್ದಲ್ಲಿ ಅನುಮಾನವೂ ಹೆಚ್ಚಿರಬೇಕು. ‘ಇರಬಹುದಾಗಿತ್ತು’ ಎಂಬುದು ಎಷ್ಟು ಸಹಜವೋ ಅಷ್ಟೇ ಬೇಗ ಅದು ‘ಇದ್ದರು’ ಎಂದಾಗಿ ಪಟ್ಟಿಗೆ ಸೇರಿಬಿಡುತ್ತದೆ.

ಇನ್ನು ದಾಖಲೆಗಳ ಮಾತು. ಚಿತ್ರಮಂದಿರದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ನಿಮ್ಮ ಮೊದಲ ಆಧಾರ. ಕಥಾಸಾರ, ಹಾಡುಗಳ ಸಾಹಿತ್ಯ, ಪಾತ್ರವರ್ಗ, ತಂತ್ರಜ್ಞರ ಹೆಸರು ಇವೆಲ್ಲವೂ ಕೆಲವೇ ಪುಟಗಳಲ್ಲಿ ಅದರಲ್ಲಿರುತ್ತವೆ. ಮುಖ್ಯ ಪಾತ್ರಗಳು ಮುಗಿದ ಮೇಲೆ ‘ಮತ್ತು ಇತರರು’ ಎಂದು ಬರೆದು ಕೈತೊಳೆದುಕೊಳ್ಳುವುದೇ ವಾಡಿಕೆಯಾದರೂ, ಪೌರಾಣಿಕ ಚಿತ್ರಗಳಲ್ಲಿ ಋಷಿ, ದೂತ, ಮಂತ್ರಿಗಳ ಹೆಸರೂ ಒಮ್ಮೊಮ್ಮೆ ಸಿಕ್ಕಿಬಿಡುತ್ತದೆ. ಹುಡುಕುವಾಗ ‘ರಾಜ್‌ಕುಮಾರ್’ ಎಂದು ಹುಡುಕಿದರೆ ಏನೂ ಸಿಗದು. ಆ ಹೆಸರು ‘ಬೇಡರ ಕಣ್ಣಪ್ಪ’ದ ಕೊಡುಗೆ. ಮುತ್ತುರಾಜ, ಮುತ್ತುರಾಜು, ಎಸ್.ಪಿ. ಮುತ್ತುರಾಜ್ ಎಂಬ ರೂಪಗಳನ್ನೆಲ್ಲ ನೋಡಬೇಕು. ಇದರ ತಿರುವುಮುರುವಾದ ಅಪಾಯವೂ ಉಂಟು: 1952ರ ಹಿಂದಿ ಚಿತ್ರ ‘ರಂಗೀಲಿ’ಯಲ್ಲಿ ‘ರಾಜ್‌ಕುಮಾರ್’ ಎಂದು ಕಂಡು ಹಿಗ್ಗುವವರಿದ್ದಾರೆ, ಅವರು ಕುಲಭೂಷಣ್ ಪಂಡಿತ್ ಎಂಬ ಮೂಲ ಹೆಸರಿನ ಹಿಂದಿ ನಟ, ನಮ್ಮವರಲ್ಲ.

ಚಿತ್ರದ ಹೆಸರಿನಲ್ಲಿಯೇ ಇನ್ನೊಂದು ಗೊಂದಲವಿದೆ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ‘ಭಕ್ತ ಪ್ರಹ್ಲಾದ’ ಎಂಬ ಹೆಸರಿನ ಚಿತ್ರ ಒಂದಲ್ಲ. ಎಚ್.ಎಂ. ರೆಡ್ಡಿಯವರು ನಿರ್ದೇಶಿಸಿದ ತೆಲುಗಿನ ಮೊದಲ ವಾಕ್ಚಿತ್ರದ ಹೆಸರು ಅದೇ. 1942ರಲ್ಲಿಯೇ ತೆಲುಗಿನಲ್ಲಿ ಚಿತ್ರಪು ನಾರಾಯಣಮೂರ್ತಿಯವರ ‘ಭಕ್ತ ಪ್ರಹ್ಲಾದ’ವೂ ಬಂದಿದೆ. ಕನ್ನಡದಲ್ಲಿ 1958ರಲ್ಲಿ ಬಾಲಕ ಲೋಕೇಶ್ ಇದ್ದ ಚಿತ್ರ, 1967ರಲ್ಲಿ ಎ.ವಿ.ಎಂ. ಸಂಸ್ಥೆಯ ತೆಲುಗು ಚಿತ್ರ, ಕೊನೆಗೆ 1983ರಲ್ಲಿ ರಾಜ್‌ಕುಮಾರ್ ಅವರೇ ಹಿರಣ್ಯಕಶಿಪುವಾಗಿ, ಮಗ ಪುನೀತ್ ಪ್ರಹ್ಲಾದನಾಗಿ ನಟಿಸಿದ ಚಿತ್ರ. ‘ಶ್ರೀನಿವಾಸ ಕಲ್ಯಾಣ’ದ್ದೂ ಇದೇ ಕತೆ, 1952ರಲ್ಲಿ ಸಪ್ತರ್ಷಿಗಳ ಸಾಲಿನಲ್ಲಿದ್ದವರು 1974ರಲ್ಲಿ ಅದೇ ಹೆಸರಿನ ಚಿತ್ರಕ್ಕೆ ನಾಯಕರಾದರು. ಒಂದು ಚಿತ್ರದ ಸ್ಥಿರಚಿತ್ರ ಇನ್ನೊಂದರ ಹೆಸರಿನಡಿ ಸೇರಿಕೊಳ್ಳಲು ಇಷ್ಟು ಸಾಕು. ಆದ್ದರಿಂದ ಯಾರಾದರೂ ‘ಇದು ಭಕ್ತ ಪ್ರಹ್ಲಾದದ್ದು’ ಎಂದರೆ ಯಾವ ಭಾಷೆ, ಯಾವ ಇಸವಿ, ಯಾವ ಸಂಸ್ಥೆ ಎಂದು ಕೇಳದೆ ಮುಂದೆ ಹೋಗಬೇಡಿ.

ಸೆನ್ಸಾರ್ ದಾಖಲೆ ನಟರ ಬಗ್ಗೆ ಏನನ್ನೂ ಹೇಳುವುದಿಲ್ಲ, ಆದರೂ ಉಪಯೋಗವಿದೆ. 1951ರ ಮೊದಲು ಮದರಾಸು, ಮುಂಬಯಿ ಮುಂತಾದ ಕಡೆಗಳ ಮಂಡಳಿಗಳು ಬೇರೆಬೇರೆಯಾಗಿ ಪ್ರಮಾಣಪತ್ರ ಕೊಡುತ್ತಿದ್ದವು. ಆಮೇಲೆ ಕೇಂದ್ರ ಮಂಡಳಿ ಬಂತು. ಪ್ರಮಾಣಪತ್ರದಲ್ಲಿ ಚಿತ್ರದ ಉದ್ದ ಅಡಿಗಳಲ್ಲಿ ಇರುತ್ತದೆ. 35 ಮಿ.ಮೀ. ವಾಕ್ಚಿತ್ರದಲ್ಲಿ ನಿಮಿಷಕ್ಕೆ 90 ಅಡಿ ಎಂಬ ಲೆಕ್ಕ ಹಿಡಿದರೆ, ಈಗ ಉಳಿದಿರುವ ಪ್ರತಿಯಲ್ಲಿ ಎಷ್ಟು ಕತ್ತರಿ ಬಿದ್ದಿದೆ ಎಂದು ತಿಳಿಯುತ್ತದೆ. ಪ್ರತಿಯೊಂದರಲ್ಲಿ ಅರ್ಧ ಗಂಟೆ ಕಾಣೆಯಾಗಿದ್ದರೆ ‘ಪೂರ್ತಿ ನೋಡಿದೆ, ಅವರು ಇಲ್ಲ’ ಎಂದು ತೀರ್ಪು ಕೊಡುವ ಹಾಗಿಲ್ಲ.

ಕತ್ತರಿಮೇಜು

ದಾಖಲೆಗಳ ಬಗ್ಗೆ ತಾಳೆಗರಿಯವರು ಹೇಳಿದ್ದಾರೆ. ಹಳೆಯ ರೀಲುಗಳನ್ನು ಡಿಜಿಟಲ್‌ಗೆ ಇಳಿಸುವ ಕೆಲಸದಲ್ಲಿ ನನಗೆ ಒಂದಿಷ್ಟು ಅನುಭವವಿರುವುದರಿಂದ ತುಣುಕನ್ನು ನೋಡುವ ಕ್ರಮದ ಬಗ್ಗೆ ಮಾತ್ರ ಬರೆಯುತ್ತೇನೆ.

ನೀವು ನೋಡುತ್ತಿರುವುದು ಆ ನಟರ ಮುಖವನ್ನಲ್ಲ. ಹಿಗ್ಗಿಸಿದ, ತಿರುಗಿಸಿದ, ಉಜ್ಜಿ ಹೊಳಪು ಕೊಟ್ಟ ಮುಖವನ್ನು. ಆ ಕಾಲದ ಚಿತ್ರಚೌಕಟ್ಟು ಸುಮಾರು 4:3ರ ಪ್ರಮಾಣದ್ದು, ಅಂದರೆ ಹೆಚ್ಚುಕಡಿಮೆ ಚೌಕಕ್ಕೆ ಹತ್ತಿರವಾದದ್ದು. ಈಗಿನ ಟಿ.ವಿ. ಪರದೆ 16:9. ಹಳೆಯ ಚಿತ್ರವನ್ನು ಪರದೆ ತುಂಬುವಂತೆ ಎಳೆದಾಗ ಪ್ರತಿ ಮುಖವೂ ಮೂರನೆಯ ಒಂದು ಭಾಗದಷ್ಟು ಹೆಚ್ಚು ಅಗಲವಾಗುತ್ತದೆ. ಉದ್ದ ಮೂಗು ಮೊಂಡಾಗುತ್ತದೆ, ಕೆನ್ನೆ ತುಂಬುತ್ತದೆ, ಕಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ. ಹೀಗೆ ಎಳೆದ ಚಿತ್ರದಲ್ಲಿ ‘ಅದೇ ಮೂಗು’ ಕಂಡಿದೆ ಎಂದಾದರೆ, ಮೂಲದಲ್ಲಿ ಆ ಮೂಗು ಬೇರೆಯದೇ ಆಗಿತ್ತು ಎಂದರ್ಥ. ತುಣುಕಿನಲ್ಲಿ ಬಂಡಿಯ ಚಕ್ರ, ಪೂರ್ಣಚಂದ್ರ, ಕ್ಯಾಮೆರಾಕ್ಕೆ ನೇರವಾಗಿ ಹಿಡಿದ ತಟ್ಟೆ, ಹೀಗೆ ಗುಂಡಗಿರಲೇಬೇಕಾದ ವಸ್ತುವೊಂದನ್ನು ಹುಡುಕಿ. ಅದು ಮೊಟ್ಟೆಯಾಕಾರವಾಗಿದ್ದರೆ ಅದು ಗುಂಡಗಾಗುವವರೆಗೆ ಚಿತ್ರದ ಅಗಲವನ್ನು ತಗ್ಗಿಸಿ, ಆಮೇಲೆ ಮುಖ ನೋಡಿ.

ಎರಡನೆಯದು ಎಡ ಬಲ. ಹಕ್ಕುಸ್ವಾಮ್ಯದ ತಪಾಸಣೆಯಿಂದ ನುಣುಚಿಕೊಳ್ಳಲು ಹಲವರು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಾಕುತ್ತಾರೆ. ಯಾವ ಮನುಷ್ಯನ ಮುಖದ ಎರಡು ಬದಿಗಳೂ ಒಂದೇ ರೀತಿ ಇರುವುದಿಲ್ಲ. ತಿರುಗಿಸಿದ ಮುಖವನ್ನು ನೇರ ಮುಖದೊಂದಿಗೆ ಹೋಲಿಸಿದರೆ ಮಚ್ಚೆ, ಹುಬ್ಬಿನ ಏರಿಳಿತ, ಬೈತಲೆ ಎಲ್ಲವೂ ಅದಲುಬದಲು. ಪೌರಾಣಿಕ ಚಿತ್ರಗಳಲ್ಲಿ ಇದನ್ನು ಪತ್ತೆ ಹಚ್ಚುವುದು ಬಹಳ ಸುಲಭ: ಜನಿವಾರವನ್ನು ನೋಡಿ. ಪಿತೃಕಾರ್ಯದ ಸಂದರ್ಭವನ್ನು ಬಿಟ್ಟರೆ ಅದು ಎಡ ಹೆಗಲ ಮೇಲಿಂದ ಬಲಗಡೆಗೆ ಇಳಿದಿರಬೇಕು. ಏಳು ಋಷಿಗಳಿಗೂ ಬಲ ಹೆಗಲ ಮೇಲಿದೆಯೆಂದರೆ ಅವರೆಲ್ಲರೂ ಒಟ್ಟಿಗೆ ತರ್ಪಣಕ್ಕೆ ಕುಳಿತಿಲ್ಲ, ಚಿತ್ರ ತಿರುಗಿದೆ. ಸೆರಗು, ಬಿಲ್ಲು ಹಿಡಿದ ಕೈ, ಆಶೀರ್ವಾದಕ್ಕೆ ಎತ್ತಿದ ಕೈ ಇವೂ ಸಾಕ್ಷಿ ಹೇಳುತ್ತವೆ.

ವೇಗದ ಮಾತೂ ಇದೆ. ನಡಿಗೆಯಿಂದ ಗುರುತಿಸುತ್ತೇನೆ ಎನ್ನುವವರು ತಿಳಿದಿರಬೇಕಾದದ್ದೇನೆಂದರೆ, ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದ ಚಿತ್ರವನ್ನು ನಮ್ಮ ಹಳೆಯ ವಿಡಿಯೊ ಪದ್ಧತಿಗೆ ಇಳಿಸುವಾಗ 25ರಲ್ಲಿ ಓಡಿಸುತ್ತಿದ್ದರು. ನಡಿಗೆ ಶೇಕಡಾ 4ರಷ್ಟು ಚುರುಕಾಗುತ್ತದೆ, ದನಿಯ ಶ್ರುತಿಯೂ ಅಷ್ಟೇ ಏರುತ್ತದೆ.

ಮುಖ ಗುರುತಿಸುವ ತಂತ್ರಾಂಶದ ಬಗ್ಗೆ ಕೇಳಿದ್ದೀರಿ. ಗಡ್ಡ, ಜಟೆ, ವಿಭೂತಿ, ಮೇಲಿನಿಂದ ಬಿದ್ದ ಬೆಳಕು, ಬೆರಳುಗುರಿನಷ್ಟು ಮುಖ ಇವಿಷ್ಟು ಸೇರಿದಲ್ಲಿ ಅದು ಕೊಡುವ ಅಂಕಿಗೆ ಬೆಲೆಯಿಲ್ಲ. ಅದಕ್ಕಿಂತ ಕೆಟ್ಟದ್ದು ‘ಸ್ಪಷ್ಟಗೊಳಿಸುವ’ ತಂತ್ರಾಂಶ. ಅದು ಮಸುಕಾದ ಜಾಗದಲ್ಲಿ ಇರುವುದನ್ನು ತೋರಿಸುವುದಿಲ್ಲ, ಇರಬಹುದಾದದ್ದನ್ನು ಬರೆಯುತ್ತದೆ. ಕೃತಕ ಬುದ್ಧಿಮತ್ತೆಯಿಂದ ತಿದ್ದಿದ ಚಿತ್ರದಲ್ಲಿ ರೆಪ್ಪೆಯ ಕೂದಲು ಎಣಿಸುವಂತೆ ಕಂಡರೂ ಆ ಕೂದಲು 1940ರ ದಶಕದ್ದಲ್ಲ. ಆದಷ್ಟೂ ಮೂಲಕ್ಕೆ ಹತ್ತಿರವಾದ, ಯಾರೂ ಕೈಯಾಡಿಸದ ಪ್ರತಿಯನ್ನೇ ಹಿಡಿಯಿರಿ.

ಸಾಧ್ಯವಾದರೆ ಕಿವಿಯನ್ನು ನೋಡಿ, ಕಿವಿಯ ಆಕಾರ ಪ್ರಾಯಕ್ಕೆ ಬಂದ ಮೇಲೆ ಬಹಳ ಬದಲಾಗುವುದಿಲ್ಲ. ಋಷಿವೇಷದಲ್ಲಿ ಜಟೆ ಅದನ್ನೇ ಮುಚ್ಚಿರುತ್ತದೆ ಎಂಬುದು ನಮ್ಮ ದುರದೃಷ್ಟ, ಹಾಗಿದ್ದಲ್ಲಿ ಕೈಬೆರಳುಗಳು.

ಮೂಕಿಪ್ರಿಯ

ಕನ್ನಡದ ಹೊರಗಿನ ಒಂದು ಪ್ರಸಂಗ ಇಲ್ಲಿ ಪ್ರಸ್ತುತವೆನ್ನಿಸುತ್ತದೆ. ಇಂತಹ ಹುಡುಕಾಟ ಗೆದ್ದ ಉದಾಹರಣೆಯೂ ಸೋತ ಉದಾಹರಣೆಯೂ ಒಬ್ಬನೇ ನಟನಲ್ಲಿ ಸಿಗುತ್ತವೆ: ಚಾರ್ಲಿ ಚಾಪ್ಲಿನ್.

ಚಾಪ್ಲಿನ್ 1914ರಲ್ಲಿ ಮ್ಯಾಕ್ ಸೆನೆಟ್ಟರ ಕೀಸ್ಟೋನ್ ಸಂಸ್ಥೆಯಲ್ಲಿ ಚಿತ್ರಜೀವನ ಆರಂಭಿಸಿದ. ಆ ಸಂಸ್ಥೆ ತನ್ನ ಚಿತ್ರಗಳಲ್ಲಿ ನಟರ ಹೆಸರು ತೋರಿಸುವ ಗೋಜಿಗೆ ಸಾಮಾನ್ಯವಾಗಿ ಹೋಗುತ್ತಿರಲಿಲ್ಲ. ಇವತ್ತು ನಾಯಕನಾದವನು ನಾಳೆ ಇನ್ನೊಬ್ಬನ ಚಿತ್ರದಲ್ಲಿ ಪೊಲೀಸನಾಗಿ ಓಡಿ ಬೀಳುವುದು ಅಲ್ಲಿಯ ದಿನನಿತ್ಯದ ಕೆಲಸ. ನಮ್ಮ ನಾಟಕ ಕಂಪನಿಗಳಲ್ಲಿ ಸಂಜೆಗೆ ರಾಜನಾದವನು ಮರುದಿನ ದ್ವಾರಪಾಲಕನಾಗುತ್ತಿದ್ದ ಪದ್ಧತಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ತಾನು ಕೀಸ್ಟೋನಿನ ಪೊಲೀಸನ ವೇಷ ಹಾಕಿದ್ದುಂಟು ಎಂದು ಚಾಪ್ಲಿನ್ ಹೇಳಿದ್ದರೂ, ಅವನ ಚಿತ್ರಗಳೆಂದು ಒಪ್ಪಿಕೊಂಡ ಪಟ್ಟಿಯಲ್ಲಿ ಅಂತಹದ್ದು ಇರಲಿಲ್ಲ. ಆಮೇಲೆ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹಳೆಯ ವಸ್ತುಗಳ ಮಾರಾಟದಲ್ಲಿ ಚಿತ್ರ ಇತಿಹಾಸಕಾರರೊಬ್ಬರಿಗೆ 16 ಮಿ.ಮೀ.ನ ಒಂದು ಪ್ರತಿ ಸಿಕ್ಕಿತು. ಅದು 1914ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿದ್ದ ‘ಎ ಥೀಫ್ ಕ್ಯಾಚರ್’. ಅದರಲ್ಲಿ ಕೆಲವು ನಿಮಿಷಗಳ ಕಾಲ ಪೊಲೀಸನಾಗಿ ಬಂದು ಹೋಗುವವನು ಚಾಪ್ಲಿನ್. 2010ರಲ್ಲಿ ಆ ಪ್ರತಿಯನ್ನು ಸಾರ್ವಜನಿಕವಾಗಿ ತೋರಿಸಿದರು, ಪಟ್ಟಿ ತಿದ್ದಲ್ಪಟ್ಟಿತು.

ಇಲ್ಲಿ ಗಮನಿಸಬೇಕಾದದ್ದು ಮುಖ ಕಂಡಿತು ಎಂಬುದನ್ನಷ್ಟೇ ಅಲ್ಲ. ಚಾಪ್ಲಿನ್ ಆ ವಾರಗಳಲ್ಲಿ ಅದೇ ಸ್ಟುಡಿಯೊದಲ್ಲಿ ಸಂಬಳಕ್ಕಿದ್ದ; ಆ ಚಿತ್ರವೂ ಅದೇ ವಾರಗಳಲ್ಲಿ ಅಲ್ಲಿಯೇ ತಯಾರಾಯಿತು; ಅವನು ಪೊಲೀಸನ ವೇಷ ಹಾಕಿದ್ದರ ಮಾತು ಮೊದಲೇ ಇತ್ತು; ಅವನ ಅಂಗಚಲನೆ ಅದೇ ತಿಂಗಳ ಬೇರೆ ಚಿತ್ರಗಳಲ್ಲಿ ಹೋಲಿಸಿ ನೋಡಲು ಸಿಗುತ್ತಿತ್ತು. ತಾಳೆಗರಿಯವರು ಹೇಳಿದ ಮೂರು ಸಂಗತಿಗಳೂ ಕೂಡಿದ್ದವು, ಆಮೇಲೆ ಮುಖ ಬಂದಿತು.

ಸೋತ ಉದಾಹರಣೆ 1921ರ ‘ದಿ ನಟ್’. ಡಗ್ಲಸ್ ಫೇರ್‌ಬ್ಯಾಂಕ್ಸ್ ನಾಯಕನಾದ ಈ ಚಿತ್ರದಲ್ಲಿ ಚಾಪ್ಲಿನ್ ಒಂದು ಕ್ಷಣ ಕಾಣಿಸಿಕೊಂಡಿದ್ದಾನೆಂದು ಎಷ್ಟೋ ಪಟ್ಟಿಗಳು ಬರೆದುಕೊಂಡು ಬಂದವು. ಇಬ್ಬರೂ ಆಪ್ತ ಗೆಳೆಯರು, ವೇಷ ಅದೇ, ನಡಿಗೆ ಅದೇ, ನಂಬದಿರಲು ಕಾರಣವೇ ಇರಲಿಲ್ಲ. ಆದರೆ ಅಲ್ಲಿರುವುದು ಚಾಪ್ಲಿನ್ ಅಲ್ಲ, ಅವನನ್ನು ಅನುಕರಿಸುವವನು. ಬಿಲ್ಲಿ ವೆಸ್ಟ್‌ನಂತಹವರು ಅವನ ಅನುಕರಣೆಯಿಂದಲೇ ಹೊಟ್ಟೆ ಹೊರೆದುಕೊಂಡ ಕಾಲವದು. ಇನ್ನೊಂದು ತಮಾಷೆಯನ್ನೂ ಹೇಳಿಬಿಡುತ್ತೇನೆ: 1923ರ ‘ಎ ವುಮನ್ ಆಫ್ ಪ್ಯಾರಿಸ್’ ಚಿತ್ರದ ಆರಂಭದಲ್ಲಿ ತಾನು ಇದರಲ್ಲಿ ಕಾಣಿಸಿಕೊಳ್ಳುವುದಿಲ್ಲ ಎಂದು ಚಾಪ್ಲಿನ್ ಬರೆದು ತೋರಿಸುತ್ತಾನೆ, ಆಮೇಲೆ ರೈಲು ನಿಲ್ದಾಣದ ಹಮಾಲಿಯಾಗಿ ಪೆಟ್ಟಿಗೆ ಹೊತ್ತು ಬಂದು ಹೋಗುತ್ತಾನೆ. ಶೀರ್ಷಿಕೆಯ ಅಕ್ಷರಗಳನ್ನು ಪೂರ್ತಿ ನಂಬುವ ಹಾಗೂ ಇಲ್ಲ.

ರಂಗಗೀತೆ

ಮೇಲಿನ ಎಲ್ಲ ಮಾತುಗಳನ್ನೂ ಒಪ್ಪುತ್ತೇನೆ, ಒಂದನ್ನು ಬಿಟ್ಟು. ಕಾಗದದಲ್ಲಿದ್ದರೆ ಮಾತ್ರ ಪುರಾವೆ ಎಂಬ ಧಾಟಿ ವೃತ್ತಿರಂಗಭೂಮಿಯ ಮಟ್ಟಿಗೆ ಅನ್ಯಾಯ ಮಾಡುತ್ತದೆ. ಕಂಪನಿ ಕ್ಯಾಂಪ್ ಎತ್ತಿದಾಗ ಪರದೆ, ಸೀನರಿ, ಆಭರಣಗಳ ಪೆಟ್ಟಿಗೆಗಳು ಲಾರಿ ಏರುತ್ತಿದ್ದವು. ಹಾಜರಿ ಪುಸ್ತಕವನ್ನು ಜೋಪಾನವಾಗಿ ಇಟ್ಟವರು ಯಾರು? ಚಿತ್ರಗಳ ಪ್ರತಿಗಳದ್ದೂ ಇದೇ ಪಾಡು. ‘ಸತಿ ಸುಲೋಚನಾ’ದ ಪ್ರತಿಯೇ ಇವತ್ತು ನಮ್ಮಲ್ಲಿಲ್ಲ. ನೈಟ್ರೇಟ್ ಫಿಲ್ಮು ಬೇಗ ಕೊಳೆಯುವ, ಬೇಗ ಹೊತ್ತಿಕೊಳ್ಳುವ ವಸ್ತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದೇ 1964ರಲ್ಲಿ, ಅಷ್ಟು ಹೊತ್ತಿಗೆ ಬಹಳಷ್ಟು ಕೈತಪ್ಪಿತ್ತು. ಹೀಗಿರುವಾಗ ಕಂಪನಿಯ ಹಳಬರ ನೆನಪು, ಮನೆಯವರು ಹೇಳಿಕೊಂಡು ಬಂದ ಮಾತು ಇವುಗಳಿಗೆ ಒಂದು ಸ್ಥಾನ ಕೊಡಲೇಬೇಕು. ಚಾಪ್ಲಿನ್ನನ ಪ್ರಸಂಗದಲ್ಲಿಯೂ ಮಾತು ಮೊದಲು ಬಂತು, ಪ್ರತಿ ಆಮೇಲೆ ಬಂತು ಎಂಬುದನ್ನು ಮರೆಯಬಾರದು.

ಆದರೆ ನೆನಪನ್ನು ಕೇಳುವುದಕ್ಕೂ ಕ್ರಮವಿದೆ. ಫೋಟೊ ಮುಂದೆ ಹಿಡಿದು ‘ಇವರು ಮುತ್ತುರಾಜ ಅವರೇ ತಾನೆ?’ ಎಂದು ಕೇಳಿದರೆ ಹಿರಿಯರು ಹೌದೆಂದೇ ಹೇಳುತ್ತಾರೆ. ಕೇಳಿದವರ ಮನಸ್ಸು ನೋಯಿಸಲು ಯಾರಿಗೆ ತಾನೇ ಇಷ್ಟ? ‘ಆ ವರ್ಷ ಕ್ಯಾಂಪ್ ಎಲ್ಲಿತ್ತು, ಸ್ಟುಡಿಯೊಕ್ಕೆ ಯಾರು ಯಾರು ಹೋದಿರಿ, ಎಷ್ಟು ದಿನ ನಾಟಕ ನಿಂತಿತು’ ಎಂದು ಕೇಳಬೇಕು. ಹೆಸರು ಅವರ ಬಾಯಿಂದ ಬರಬೇಕೇ ಹೊರತು ನಮ್ಮ ಬಾಯಿಂದ ಬರಬಾರದು.

ಇನ್ನೊಂದು ಮುಖ್ಯ ಸಂಗತಿಯನ್ನು ಯಾರೂ ಎತ್ತಲಿಲ್ಲ. ಆ ಮೂಗು ಒಬ್ಬರ ಸ್ವತ್ತಲ್ಲ. ತಂದೆ ಪುಟ್ಟಸ್ವಾಮಯ್ಯನವರು ರಂಗದ ಮೇಲೆ ಅಬ್ಬರದ ಪಾತ್ರಗಳಿಗೆ ಹೆಸರಾದವರು, ತಮ್ಮ ವರದರಾಜ್ ಅವರೂ ಕಂಪನಿಯ ನೆರಳಿನಲ್ಲಿಯೇ ಬೆಳೆದವರು. 1940ರ ದಶಕದ ಚಿತ್ರವೊಂದರಲ್ಲಿ ಮನೆತನದ ಹೋಲಿಕೆಯಿರುವ ನಡುವಯಸ್ಸಿನ ಋಷಿ ಕಂಡರೆ, ಹದಿಹರೆಯದ ಮಗನಿಗೆ ಗಡ್ಡ ಅಂಟಿಸಿದ್ದಾರೆ ಎನ್ನುವ ಮೊದಲು ತಂದೆಯ ನೆನಪೂ ಬರಬೇಕಲ್ಲವೇ? ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ಚಿತ್ರದ ಇಸವಿಯಿಂದ ಅದನ್ನು ಕಳೆದು ಬಂದ ವಯಸ್ಸನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಆಮೇಲೆ ಆ ಋಷಿಯ ಕತ್ತು, ಭುಜ, ಮೊಣಕೈಗಳನ್ನು ನೋಡಿ. ಗಡ್ಡ ವಯಸ್ಸನ್ನು ಮುಚ್ಚೀತು, ತೋಳು ಮುಚ್ಚಲಾರದು.

ಹಳೆಯಪರದೆ

ಇಷ್ಟು ವಿಸ್ತಾರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು.

ಕತ್ತರಿಮೇಜು ಅವರು ಹೇಳಿದಂತೆ ತುಣುಕನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕಾಣುವ ಋಷಿಗಳೆಲ್ಲರ ಜನಿವಾರವೂ ಬಲ ಹೆಗಲ ಮೇಲಿದೆ. ಹೋತೃ ಎಡಗೈಯಿಂದ ತುಪ್ಪ ಹಾಕುತ್ತಿದ್ದಾರೆ. ಅಂದ ಮೇಲೆ ಚಿತ್ರ ತಿರುಗಿದೆ ಎಂಬುದರಲ್ಲಿ ಅನುಮಾನವಿಲ್ಲ, ‘ಎಡದಿಂದ ಮೂರನೆಯವರು’ ಬಲದಿಂದ ಮೂರನೆಯವರು. ಕ್ಯಾಮೆರಾಕ್ಕೆ ಎದುರಾಗಿ ಹಿಡಿದ ಆರತಿ ತಟ್ಟೆ ಸ್ಪಷ್ಟವಾಗಿ ಅಡ್ಡಡ್ಡ ಹಿಗ್ಗಿದೆ. ತಿರುಗಿಸಿ, ಅಗಲ ತಗ್ಗಿಸಿ ನೋಡಿದಾಗ ಮುಖ ಇನ್ನೂ ಕಿರಿದಾಗಿ ಮೂಗು ಇನ್ನೂ ಉದ್ದವಾಗಿ ಕಾಣುತ್ತದೆ, ಆದರೆ ಹುಬ್ಬುಗಳ ಹೋಲಿಕೆ ಹೊರಟುಹೋಗುತ್ತದೆ. ತೋಳುಗಳು ದಷ್ಟಪುಷ್ಟವಾಗಿದ್ದು, ನನ್ನ ಕಣ್ಣಿಗೆ ನಲವತ್ತರ ಆಸುಪಾಸಿನ ಮನುಷ್ಯನವು.

ಹಿನ್ನೆಲೆಯಲ್ಲಿ ಹಾಡೊಂದರ ಆರಂಭದ ಸಾಲು ಕೇಳಿಸುತ್ತದೆ, ನಡುವೆ ಕರಕರ ಸದ್ದು. ಚಿತ್ರದ ಹೆಸರು ತಿಳಿಯದೆ ಕಂಪನಿಯನ್ನಾಗಲಿ ಕ್ಯಾಂಪನ್ನಾಗಲಿ ಹುಡುಕುವುದು ಹೇಗೆಂದು ಮಾತ್ರ ತೋಚುತ್ತಿಲ್ಲ. ಸದ್ಯಕ್ಕೆ ಇದನ್ನು ‘ಸಂಭವನೀಯ’ ಎಂಬ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದೇ?

ತಾಳೆಗರಿ

ಈಗ ನೀವು ಹೇಳಿದ್ದರ ಮೇಲೆ ಆ ಪಟ್ಟಿಯಲ್ಲಿಯೂ ಇಡಲಾಗದು. ನಾನು ಇದನ್ನು ಮೂರು ಹಂತ ಮಾಡಿಕೊಳ್ಳುತ್ತೇನೆ. ಕಾಲ, ಸ್ಥಳ, ಕಂಪನಿ ಕೂಡಿ, ಸಮಕಾಲೀನ ಬರಹ ಅಥವಾ ಸ್ವತಃ ನಟರ ಮಾತಿನ ಬೆಂಬಲವೂ ಇದ್ದರೆ ಅದು ದೃಢ. ಕಾಲ, ಸ್ಥಳ, ಕಂಪನಿ ಕೂಡಿ ಬೇರೆ ಬೆಂಬಲ ಇಲ್ಲದಿದ್ದರೆ ಅದು ಸಂಭವನೀಯ. ಬರೀ ಹೋಲಿಕೆಯಿದ್ದರೆ ಅದು ವದಂತಿ, ಕೆಂಪು ವೃತ್ತ ಎಷ್ಟೇ ದಪ್ಪಗಿರಲಿ. ನಿಮ್ಮ ಋಷಿ ಈಗ ಮೂರನೆಯ ಹಂತದಲ್ಲಿದ್ದಾರೆ. ರಂಗಗೀತೆಯವರು ಹೇಳಿದ ನೆನಪುಗಳನ್ನು ನಾನು ತಳ್ಳಿಹಾಕುತ್ತಿಲ್ಲ; ಅವು ಎಲ್ಲಿ ಅಗೆಯಬೇಕೆಂದು ತೋರಿಸುತ್ತವೆ, ಅಗೆಯುವ ಕೆಲಸ ಉಳಿದೇ ಇರುತ್ತದೆ.

ಆ ಋಷಿ ಯಾರೆಂಬುದನ್ನು ಬಿಟ್ಟುಕೊಟ್ಟರೂ ಚಿತ್ರ ಯಾವುದೆಂಬುದನ್ನು ಬಿಡಬೇಡಿ. ಹಾಡು ಸಿಕ್ಕಿದೆಯೆಂದರೆ ಅರ್ಧ ಕೆಲಸ ಆದಂತೆಯೇ, ಏಕೆಂದರೆ ಹಾಡಿನ ಪುಸ್ತಕಗಳನ್ನೂ ಗ್ರಾಮೊಫೋನ್ ತಟ್ಟೆಗಳ ಪಟ್ಟಿಗಳನ್ನೂ ಸಂಗ್ರಹಿಸುವವರು ಪಲ್ಲವಿಯ ಮೊದಲ ಮಾತಿನಿಂದಲೇ ಹುಡುಕುತ್ತಾರೆ. ಕೇಳಿಸಿದಷ್ಟನ್ನೇ ಬರೆಯಿರಿ, ಕೇಳಿಸದ ಜಾಗದಲ್ಲಿ ಚುಕ್ಕಿ ಇಡಿ, ಊಹಿಸಿ ತುಂಬಬೇಡಿ. ಭಾಷೆ ಕನ್ನಡವೇ, ತೆಲುಗೇ ಎಂಬುದನ್ನೂ ಮೊದಲು ಖಚಿತಪಡಿಸಿಕೊಳ್ಳಿ. ಒಂದೇ ಸೆಟ್ಟಿನಲ್ಲಿ ಎರಡು ಭಾಷೆಗಳ ಚಿತ್ರ ತೆಗೆದದ್ದೂ ಉಂಟು, ಒಂದು ಭಾಷೆಯದನ್ನು ಇನ್ನೊಂದಕ್ಕೆ ಡಬ್ ಮಾಡಿದ್ದೂ ಉಂಟು, ಎ.ವಿ. ಮೆಯ್ಯಪ್ಪನ್ ತಯಾರಿಸಿದ ಕನ್ನಡದ ‘ಹರಿಶ್ಚಂದ್ರ’ 1944ರಲ್ಲಿ ತಮಿಳು ಮಾತನಾಡಿದ್ದನ್ನು ನೆನಪಿಡಿ. ತುಟಿಯ ಚಲನೆ ಮತ್ತು ಮಾತು ಕೂಡುತ್ತಿವೆಯೇ ಎಂದು ನೋಡಿದರೆ ಅದೂ ತಿಳಿಯುತ್ತದೆ.

ಹಳೆಯಪರದೆ

ಭಾಷೆ ಕನ್ನಡವೇ, ತುಟಿಯೂ ಕೂಡುತ್ತದೆ. ಪಲ್ಲವಿಯಲ್ಲಿ ಕೇಳಿಸುವುದು ಇಷ್ಟು: ‘ಪಾಲಿಸೋ . . . . ಪರಮ . . . . ನೇ’. ನಡುವಿನ ಎರಡು ಜಾಗಗಳಲ್ಲಿ ಏನೂ ಸ್ಪಷ್ಟವಿಲ್ಲ. ಹಾಡುತ್ತಿರುವುದು ಹೆಣ್ಣು ದನಿ, ಜೊತೆಗೆ ಹಾರ್ಮೋನಿಯಂ ಇದೆ. 1953ಕ್ಕಿಂತ ಹಿಂದಿನ ಹಾಡಿನ ಪುಸ್ತಕಗಳು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ‘ಪಾ’ ಅಕ್ಷರದಿಂದ ಆರಂಭವಾಗುವ ಹಾಡುಗಳನ್ನು ಒಮ್ಮೆ ನೋಡಿ ತಿಳಿಸಬೇಕು.